ಮೈಸೂರಿನ ಬಾರ್‌ಗಳಲ್ಲಿ ಕಾಕ್‌ಟೇಲ್: ಮೊದಲ ಗ್ಲಾಸಲ್ಲೇ ಅಂದಾಜು ಸಿಗೋದು ಹೇಗೆ?

ಕುಕ್ಕರಹಳ್ಳಿ ಬಾತು:
ಗೋಕುಲಂ, ಯಾದವಗಿರಿ, ಕಾಳಿದಾಸ ರಸ್ತೆ ಕಡೆಯೆಲ್ಲ ಕಾಕ್‌ಟೇಲ್ ಮೆನು ಇಡೋ ಬಾರ್‌ಗಳು ಜಾಸ್ತಿ ಆಗ್ತಿವೆ. ಬೆಲೆ ಬೆಂಗಳೂರಿನದೇ, ರುಚಿ ಮಾತ್ರ ಕೆಲವು ಕಡೆ ಜ್ಯೂಸ್ ಅಂಗಡಿಯದು. ಯಾವ ಬಾರ್ ಒಳ್ಳೇದು ಅಂತ ಹೆಸರು ಕೇಳ್ತಿಲ್ಲ. ಕೌಂಟರ್ ಹಿಂದಿನ ಹುಡುಗ ಕೆಲಸ ಬಿಟ್ರೆ ಬೋರ್ಡು ಅಲ್ಲೇ ಇರುತ್ತೆ, ರುಚಿ ಅವನ ಜೊತೆ ಹೋಗಿರುತ್ತೆ. ನನ್ನ ಪ್ರಶ್ನೆ ಇಷ್ಟೆ: ಹೋಗಿ ಕೂತ ಹತ್ತು ನಿಮಿಷದಲ್ಲಿ, ಒಂದೇ ಗ್ಲಾಸಿನ ದುಡ್ಡಲ್ಲಿ, ಇಲ್ಲಿ ಎರಡನೇದು ಹೇಳಬಹುದಾ ಇಲ್ವಾ ಅಂತ ತೀರ್ಮಾನ ಮಾಡೋದು ಹೇಗೆ? ಮೊದಲು ಯಾವುದನ್ನ ಹೇಳಬೇಕು?

ಜಿಗ್ಗರ್:
ಮೆನು ಆಮೇಲೆ ನೋಡಿ, ಮೊದಲು ಐಸ್ ನೋಡಿ. ಟೇಬಲ್ ಬೇಡ, ಕೌಂಟರ್ ಎದುರಿನ ಸ್ಟೂಲಲ್ಲೇ ಕೂರಿ. ಐಸ್ ಎಲ್ಲಿಂದ ಬರ್ತಿದೆ? ಮುಚ್ಚಳ ಇರೋ ಪೆಟ್ಟಿಗೆಯಿಂದಲೋ, ಸಂಜೆಯಿಂದ ತೆರೆದಿಟ್ಟ ಬಕೆಟ್‌ನಿಂದಲೋ? ತುಂಡಿನ ಮೈ ಮಂಜು ಕೂತ ಹಾಗೆ ಮಬ್ಬಾಗಿದ್ರೆ ಗಟ್ಟಿ ಐಸ್. ಮೈ ಫಳಫಳ ಹೊಳೀತಿದ್ರೆ ಅದು ಆಗಲೇ ಕರಗ್ತಿದೆ ಅಂತ. ಅಂಥ ನೆಂದ ಐಸನ್ನ ಶೇಕರ್‌ಗೆ ಹಾಕಿದ್ರೆ, ಕುಲುಕೋಕೆ ಮುಂಚೆನೇ ಅದರ ಮೈಮೇಲಿನ ನೀರೆಲ್ಲ ಡ್ರಿಂಕಿಗೆ ಇಳಿಯುತ್ತೆ. ಮಾರ್ಚ್‌ನಿಂದ ಮೇ ತನಕ ನಮ್ಮೂರಲ್ಲಿ ಕಾಕ್‌ಟೇಲ್ ಕೆಡೋದಕ್ಕೆ ಇದೇ ದೊಡ್ಡ ಕಾರಣ. ಒಳ್ಳೆ ಬಾರ್‌ಗಳು ಬಕೆಟ್ ತಳಕ್ಕೆ ತೂತಿನ ತಟ್ಟೆ ಇಟ್ಟು ನೀರು ಬಸಿಯೋ ಹಾಗೆ ಮಾಡಿರ್ತಾರೆ.

ಎರಡನೇದು ನಿಂಬೆಹಣ್ಣು. ಆರ್ಡರ್ ಕೊಟ್ಟ ಮೇಲೆ ಹಣ್ಣು ಕೊಯ್ದು ಹಿಂಡಿದ್ರೆ ಅದಕ್ಕಿಂತ ಬೇರೇನು ಬೇಕು. ಅವತ್ತು ಸಂಜೆ ಹಿಂಡಿ ಫ್ರಿಜ್ಜಲ್ಲಿಟ್ಟ ರಸವೂ ನಡೆಯುತ್ತೆ. ನಿನ್ನೆಯದು ಬೇಡ, ಕಹಿ ಒಗರು ಬಂದಿರುತ್ತೆ. ಬಾಟ್ಲಿಯ ಹಸಿರು ಕಾರ್ಡಿಯಲ್ (ಸಿಹಿ ಹಾಕಿದ ನಿಂಬೆ ಸಿರಪ್) ಕೈಗೆತ್ತಿಕೊಂಡ್ರೆ ಬಿಯರ್ ಹೇಳಿ ಸುಮ್ಮನಾಗಿ.

ಮೂರನೇದು ಅಳತೆ. 30/60 ಎಂ.ಎಲ್. ಲೋಹದ ಅಳತೆ ಬಟ್ಟಲು ಕೈಯಲ್ಲಿ ಇದೆಯಾ, ಇಲ್ಲಾ ಬಾಟ್ಲಿ ಎತ್ತಿ ಸುಮ್ಮನೆ ಸುರೀತಿದಾನಾ? ಸುರಿಯೋ ಸ್ಟೈಲ್ ನೋಡೋಕೆ ಚೆಂದ. ಆದ್ರೆ ಹುಳಿ, ಸಿಹಿ ಐದು ಎಂ.ಎಲ್. ಆಚೀಚೆ ಆದ್ರೂ ನಾಲಿಗೆಗೆ ಗೊತ್ತಾಗುತ್ತೆ.

ಮೂರೂ ಸರಿ ಇದ್ರೆ ಡೈಕಿರಿ ಹೇಳಿ. ಹಣ್ಣಿನ ಫ್ರೋಜನ್ ಡೈಕಿರಿ ಅಲ್ಲ, ಸಾದಾ. ಬಿಳಿ ರಮ್ 60, ನಿಂಬೆರಸ 25, ಸಕ್ಕರೆ ಪಾಕ 20. ಮುಚ್ಚಿಡೋಕೆ ಅದರಲ್ಲಿ ಏನೂ ಇಲ್ಲ, ಕ್ರೀಮಿಲ್ಲ, ಬಣ್ಣವಿಲ್ಲ. ಅದನ್ನ ಸರಿಯಾಗಿ ಮಾಡಿದವನ ಕೈಯಲ್ಲಿ ಮೆನುವಿನ ಮುಕ್ಕಾಲು ಪಾಲು ಧೈರ್ಯವಾಗಿ ಕುಡಿಯಬಹುದು.

ನೈಂಟಿ ನಿಷ್ಠ:
ಇಷ್ಟೆಲ್ಲ ಯಾಕ್ ಗುರು? ನೈಂಟಿ ಓಲ್ಡ್ ಮಂಕ್, ಒಂದು ಥಮ್ಸ್ ಅಪ್, ಅರ್ಧ ನಿಂಬೆಹಣ್ಣು, ಒಂದು ಪ್ಲೇಟ್ ಕಾಂಗ್ರೆಸ್ ಕಡ್ಲೆಬೀಜ. ನಾಲ್ಕು ಜನ ಕೂತ್ರೂ ಬಿಲ್ಲು ನಿಮ್ಮ ಎರಡು ಡೈಕಿರಿಗೆ ಸಮ.

ಜಿಗ್ಗರ್:
ನಿಷ್ಠರೇ, ನೀವು ಹೇಳಿದ್ದೂ ಕಾಕ್‌ಟೇಲೇ. ಕ್ಯೂಬಾ ಲಿಬ್ರೆ ಅಂತ ಬರೆದು ಮೂರು ಪಟ್ಟು ಬೆಲೆ ಹಾಕ್ತಾರೆ ಅಷ್ಟೆ. ಅದರಲ್ಲೂ ಚೆನ್ನಾಗಿರೋದು, ಕೆಟ್ಟದ್ದು ಅಂತ ಇದೆ. 60ಕ್ಕೆ 120 ಕೋಲಾ, ನಿಂಬೆರಸ 10. ಕೋಲಾ ಫ್ರಿಜ್ಜಿಂದ ಆಗ ತೆಗೆದದ್ದಾಗಿರಬೇಕು, ಬೆಚ್ಚಗಿನ ಬಾಟ್ಲಿಯದು ಐಸಿಗೆ ತಾಗಿದ ಕೂಡಲೇ ನೊರೆ ಎದ್ದು ಗ್ಯಾಸೆಲ್ಲ ಹೋಗುತ್ತೆ. ಗ್ಲಾಸ್ ತುಂಬ ಐಸ್ ಹಾಕಿಸಿ. ‘ಐಸ್ ಕಮ್ಮಿ ಹಾಕು’ ಅಂದ್ರೆ ಆ ನಾಲ್ಕು ತುಂಡು ಬೇಗ ಕರಗಿ ಇನ್ನೂ ನೀರಾಗುತ್ತೆ. ಅಳತೆ ಸರಿಯಾಗಿ ಹಾಕೋ ಬಾರಲ್ಲಿ ಐಸ್ ಜಾಸ್ತಿ ಆದ್ರೆ ಎಣ್ಣೆ ಕಮ್ಮಿ ಆಗಲ್ಲ.

ಹುಳಿ ಸಿಹಿ ಕಹಿ:
ಡೈಕಿರಿ ಪರೀಕ್ಷೆ ಒಪ್ತೀನಿ, ಆದ್ರೆ ಮೈಸೂರಲ್ಲಿ ಬಹಳ ಕಡೆ ಮೆನುವಲ್ಲೇ ಇರಲ್ಲ. ಹೇಳಿದ್ರೆ ಸ್ಟ್ರಾಬೆರಿ ಕ್ರಷ್ ಹಾಕಿ ಮಿಕ್ಸಿಗೆ ಹಾಕ್ಕೊಂಡು ಬರ್ತಾರೆ. ವಿಸ್ಕಿ ಸವರ್ (ಹುಳಿ ವಿಸ್ಕಿ) ಹೇಳೋದು ವಾಸಿ. ಅದೇ ಅಳತೆ, ರಮ್ ಬದಲು ವಿಸ್ಕಿ, ಜೊತೆಗೆ ಒಂದು ಮೊಟ್ಟೆಯ ಬಿಳಿ. ಇಲ್ಲಿ ಕೆಲಸ ಗೊತ್ತಿರೋರು ಎರಡು ಸಲ ಕುಲುಕ್ತಾರೆ: ಮೊದಲು ಐಸ್ ಇಲ್ಲದೆ 15 ಸೆಕೆಂಡ್, ಆಮೇಲೆ ಐಸ್ ಹಾಕಿ 12 ಸೆಕೆಂಡ್. ಮೊದಲನೇದು ನೊರೆಗೆ, ಎರಡನೇದು ತಂಪಿಗೆ. ಒಂದೇ ಸಲ ಐಸ್ ಜೊತೆ ಕುಲುಕಿದ್ರೆ ನೊರೆ ದೊಡ್ಡ ದೊಡ್ಡ ಗುಳ್ಳೆಯಾಗಿ ಟೇಬಲ್‌ಗೆ ಬರೋದ್ರೊಳಗೆ ಒಡೆದಿರುತ್ತೆ. ಸರಿಯಾಗಿ ಮಾಡಿದ್ದು ಫಿಲ್ಟರ್ ಕಾಫಿ ನೊರೆಗಿಂತ ಬಿಗಿಯಾಗಿ, ಬೆರಳಗಲ ನಿಲ್ಲುತ್ತೆ. ಮೇಲೆ ಎರಡು ಹನಿ ಅಂಗೊಸ್ಟುರಾ ಬಿಟರ್ಸ್ (ಮಸಾಲೆಯ ಕಹಿ ಸಾರ) ಹಾಕೋದು ಬರೀ ಅಲಂಕಾರಕ್ಕಲ್ಲ, ಮೊಟ್ಟೆಯ ಹಸಿ ವಾಸನೆ ಮೂಗಿಗೆ ಬಡೀಬಾರದು ಅಂತ.

ಬಿಳಿ ಭಾಗವನ್ನ ಮೊದಲೇ ಬೇರೆ ಮಾಡಿ ಸಂಜೆಯೆಲ್ಲ ಬಾಟ್ಲಿಯಲ್ಲಿ ಕೌಂಟರ್ ಮೇಲೆ ಇಟ್ಟಿರೋದು ಕಂಡ್ರೆ ಮೊಟ್ಟೆ ಬೇಡ ಅನ್ನಿ. ಮೊಟ್ಟೆ ತಿನ್ನದವರು ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು 25 ಎಂ.ಎಲ್. ಹಾಕಿಸ್ಕೊಬಹುದು. ಉಪ್ಪು ಹಾಕದೆ ಬೇಯಿಸಿರಬೇಕು. ನೊರೆ ಹೆಚ್ಚುಕಮ್ಮಿ ಅಷ್ಟೇ ಬರುತ್ತೆ.

ಕುಕ್ಕರಹಳ್ಳಿ ಬಾತು:
ಒಂದು ಗುಟುಕು ಕುಡಿದ ಮೇಲೆ ತಪ್ಪು ಎಲ್ಲಾಗಿದೆ ಅಂತ ಗುರುತಿಸೋದು ಹೇಗೆ? ‘ಚೆನ್ನಾಗಿಲ್ಲ’ ಅಂದ್ರೆ ಅವರು ಇನ್ನೊಂದಿಷ್ಟು ಸಿರಪ್ ಹಾಕಿ ಕೊಡ್ತಾರೆ.

ಜಿಗ್ಗರ್:
ಶೇಕ್ ಮಾಡಿದ ಹುಳಿ ಡ್ರಿಂಕ್‌ಗಳಿಗೆ ಹೇಳ್ತೀನಿ. ಮೊದಲ ಗುಟುಕಲ್ಲೇ ಎಣ್ಣೆ ಗಂಟಲಿಗೆ ಚುರುಕ್ ಅಂದ್ರೆ ಕುಲುಕಿದ್ದು ಸಾಲದು. ಚೆನ್ನಾಗಿ ಕುಲುಕಿದ ಡೈಕಿರಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಐಸಿನಿಂದ ಬಂದ ನೀರೇ ಇರುತ್ತೆ, ಇರಬೇಕು ಕೂಡ. ಆ ನೀರಿಲ್ಲದಿದ್ರೆ ಹುಳಿ, ಸಿಹಿ, ರಮ್ ಮೂರೂ ಬೇರೆ ಬೇರೆಯಾಗೇ ನಿಂತಿರುತ್ತೆ. ನಾಲ್ಕು ಸಲ ಕುಲುಕಿ ಸೋಸೋದು ಅವಸರದ ರಾತ್ರಿಯ ಕೆಲಸ. ಅದಕ್ಕೇ ಶನಿವಾರ ಒಂಬತ್ತೂವರೆಗೆ ಹೋಗಿ ಬಾರ್‌ಟೆಂಡರ್‌ನ ಅಳೀಬೇಡಿ, ವಾರದ ಮಧ್ಯೆ ಏಳೂವರೆಗೆ ಹೋಗಿ.

ಶುರುವಿಂದಲೇ ನೀರುನೀರಾಗಿದ್ರೆ ನೆಂದ ಐಸ್. ಶುರು ಚೆನ್ನಾಗಿದ್ದು ಐದು ನಿಮಿಷಕ್ಕೇ ಸಪ್ಪೆ ಆದ್ರೆ ಗ್ಲಾಸ್ ಬೆಚ್ಚಗಿತ್ತು ಅಂತ. ಕಾಲಿರೋ ಗ್ಲಾಸನ್ನ ಫ್ರೀಜರಲ್ಲಿ ಇಡೋಕೆ ಜಾಗ ಇಲ್ಲ ಅನ್ನೋ ಬಾರ್ ಕೂಡ ಶೇಕ್ ಮಾಡೋವಷ್ಟು ಹೊತ್ತು ಅದರಲ್ಲಿ ಐಸ್ ನೀರು ತುಂಬಿಟ್ಟು ಚೆಲ್ಲಬಹುದು, ಖರ್ಚಿಲ್ಲದ ಕೆಲಸ.

ಕೊನೆಯಲ್ಲಿ ನಾಲಿಗೆ ಹಿಂದೆ ಕಹಿ ಉಳಿದ್ರೆ ನಿಂಬೆ ಹಿಂಡಿದ ರೀತಿ ಸರಿ ಇಲ್ಲ. ನಮ್ಮ ನಿಂಬೆ ಸಣ್ಣದು, ಸಿಪ್ಪೆ ತೆಳು, ಬೀಜ ಜಾಸ್ತಿ. ಒಂದರಲ್ಲಿ ಸಾಮಾನ್ಯವಾಗಿ ಸುಮಾರು 15 ಎಂ.ಎಲ್. ರಸ. ಒಂದೇ ಹಣ್ಣಲ್ಲಿ 25 ತೆಗೀಬೇಕು ಅಂತ ಹಿಸುಕಿದ್ರೆ ಸಿಪ್ಪೆಯ ಎಣ್ಣೆ, ಬೀಜದ ಕಹಿ ಎಲ್ಲ ಇಳಿಯುತ್ತೆ. ಒಂದು ಡೈಕಿರಿಗೆ ಎರಡು ಹಣ್ಣು ಬೇಕೇ ಬೇಕು. ಕೊಯ್ಯೋ ಮುಂಚೆ ಅಂಗೈಲಿ ಒತ್ತಿ ಉರುಳಿಸಿ, ಕೊಯ್ದ ಮುಖ ಕೆಳಗೆ ಮಾಡಿ ಒತ್ತಿ, ಅರ್ಧ ಬಲಕ್ಕೇ ನಿಲ್ಲಿಸೋನು ಕೆಲಸಗಾರ.

ಇನ್ನು ಪುದೀನ. ಮೊಹಿತೊ ಹುಲ್ಲು ಜಗಿದ ಹಾಗಿದ್ರೆ ಎಲೇನ ಒರಳಲ್ಲಿ ಚಟ್ನಿಗೆ ಅರೆದ ಹಾಗೆ ಅರೆದಿದಾರೆ. 8–10 ಎಲೆಯನ್ನ ಪಾಕದ ಜೊತೆ ಮೂರ್ನಾಲ್ಕು ಸಲ ಮೆಲ್ಲಗೆ ಒತ್ತಿದ್ರೆ ಸಾಕು, ಪರಿಮಳ ಎಲೆಯ ಮೇಲ್ಮೈಯಲ್ಲೇ ಇರೋದು. ರಮ್ 60, ನಿಂಬೆ 25, ಪಾಕ 20, ಮೇಲೆ ಸೋಡಾ 60. ಸೋಡಾ ಬದಲು ಸ್ಪ್ರೈಟ್ ಹಾಕಿದ್ರೆ ಪಾಕ ಬೇಡ ಅಂತ ಮೊದಲೇ ಹೇಳಿ.

ಸಕ್ಕರೆ ಸೀಮೆ:
ಪಾಕ ಪಾಕ ಅಂತೀರಲ್ಲ, ಬೆಲ್ಲದ ಮಾತೇ ಬರ್ನಿಲ್ಲ. 1933ರಿಂದ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಅದೆ, ಸುತ್ತ ಆಲೆಮನೆ ಅವೆ, ಬಾರ್‌ನೋರು ಮಾತ್ರ ಬಾಟ್ಲಿ ಸಿರಪ್ ತರ್ತರೆ. ಬೆಲ್ಲದ ಪಾಕ ಮಾಡಾದು ಒಸಿ ಹುಷಾರಾಗಿ ಮಾಡ್ಬೇಕು ಕನ್ರಣ್ಣ. ಬೆಳ್ಳಗೆ ಹಳದಿ ಬೆಲ್ಲ ತಕಬ್ಯಾಡಿ. ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನ ಕೆಮಿಕಲ್ಲು ಹಾಕಿರ್ತರೆ, ಪಾಕದಲ್ಲಿ ಗಂಧಕದ ವಾಸ್ನೆ ಬತ್ತದೆ. ಕಂದು ಬಣ್ಣದ ಬಕೆಟ್ ಬೆಲ್ಲನೋ ಅಚ್ಚು ಬೆಲ್ಲನೋ ತಕಂಡು 200 ಗ್ರಾಂ ಪುಡಿ ಮಾಡಿ, 200 ಎಂ.ಎಲ್. ನೀರಲ್ಲಿ ಸಣ್ಣ ಉರೀಲಿ ಕರಗಿಸಿ. ಕುದಿಸ್ಬ್ಯಾಡಿ, ಕುದಿಸುದ್ರೆ ಗಟ್ಟಿಯಾಗಿ ಅಳತೆ ತಪ್ತದೆ. ಬಟ್ಟೇಲಿ ಎರಡು ಸಲ ಸೋಸಿ, ಮಣ್ಣು ಸಿಪ್ಪೆ ಇದ್ದೇ ಇರ್ತದೆ. ಆರುದ್ ಮೇಲೆ ಫ್ರಿಜ್ಜಲ್ಲಿಟ್ರೆ ಎರಡು ವಾರ ತಡೀತದೆ.

ಸಕ್ಕರೆಗಿಂತ ಸಿಹಿ ಕಮ್ಮಿ, ಒಸಿ ಉಪ್ಪುಪ್ಪು. ಸಕ್ಕರೆ ಪಾಕ 20 ಹಾಕೋ ಕಡೆ ಇದು 25 ಹಾಕಿ. ಕಪ್ಪು ರಮ್‌ಗೆ, ವಿಸ್ಕಿಗೆ ಒಪ್ತದೆ. ಜಿನ್‌ಗೆ ಹಾಕಬ್ಯಾಡಿ, ಜಿನ್ನಿನ ವಾಸ್ನೆನೇ ಮುಳುಗೋಯ್ತದೆ. ಅಮೃತ್‌ನೋರ ಟೂ ಇಂಡೀಸ್ ರಮ್ಮಲ್ಲಿ ಬೆಲ್ಲದ್ದೇ ಸ್ಪಿರಿಟ್ ಅದೆ. ಅದಕ್ಕೆ ಬೆಲ್ಲದ ಪಾಕ, ನಿಂಬೆ ಹಾಕಿ ಕುಲುಕ್ಸಿ ನೋಡಿ, ಆಮೇಲೆ ಮಾತಾಡನ.

ಹುಳಿ ಸಿಹಿ ಕಹಿ:
ಸೀಮೆಯವರ ಪಾಕಕ್ಕೆ ಒಂದು ಸೇರಿಸ್ತೀನಿ. ಓಲ್ಡ್ ಫ್ಯಾಶನ್ಡ್‌ಗೆ ಹಾಕೋದಾದ್ರೆ ಬರೀ 7 ಎಂ.ಎಲ್., ವಿಸ್ಕಿ 60, ಬಿಟರ್ಸ್ ಎರಡು ಸಲ ಚಿಮುಕಿಸಿ, ದೊಡ್ಡ ಐಸ್ ಜೊತೆ ಅರ್ಧ ನಿಮಿಷ ತಿರುಗಿಸಬೇಕು. ಕುಲುಕಬಾರದು, ಮಬ್ಬಾಗುತ್ತೆ. ನಮ್ಮ ಮಾಮೂಲಿ ಬ್ಲೆಂಡೆಡ್ ವಿಸ್ಕಿಗಳು ಬಹಳಷ್ಟು ಮೊಲ್ಯಾಸಿಸ್ (ಕಾಕಂಬಿ) ಸ್ಪಿರಿಟ್ ಸೇರಿದವು, ಆಗಲೇ ಸಿಹಿ ಕಡೆ ವಾಲಿರುತ್ತೆ. ಅವಕ್ಕೆ ಪಾಕ 5ಕ್ಕೆ ಇಳಿಸಿ.

ಮೇಲೆ ಹಿಂಡೋ ಕಿತ್ತಳೆ ಸಿಪ್ಪೆ ಕೂಡ ನೋಡಿ. ಸುಲಭವಾಗಿ ಸುಲಿಯೋ ಕೊಡಗಿನ ಕಿತ್ತಳೆ, ನಾಗಪುರದ್ದು ತಿನ್ನೋಕೆ ಸರಿ, ಸಿಪ್ಪೆ ಮೆತ್ತಗಿರೋದ್ರಿಂದ ಮಡಿಚಿದ್ರೆ ಎಣ್ಣೆ ಸರಿಯಾಗಿ ಚಿಮ್ಮಲ್ಲ. ಬಿಗಿ ಸಿಪ್ಪೆಯ ಮಾಲ್ಟಾ ಬೇಕು. ಬೆಳಿಗ್ಗೆ ಕೊಯ್ದು ಡಬ್ಬಿಗೆ ತುಂಬಿಟ್ಟ ಒಣಗಿದ ಸಿಪ್ಪೆ ಬರೀ ತೋರಿಕೆಗೆ.

ವರ್ಮೂತ್ ಬಗ್ಗೆ ಯಾರೂ ಹೇಳಿಲ್ಲ. ನೆಗ್ರೋನಿ (ಜಿನ್ 30, ಕಾಂಪಾರಿ ಅನ್ನೋ ಕಹಿ ಲಿಕ್ಯೂರ್ 30, ಸಿಹಿ ವರ್ಮೂತ್ 30), ಮಾರ್ಟಿನಿ ಇವೆರಡೂ ವರ್ಮೂತ್ ಮೇಲೇ ನಿಂತಿರೋದು. ವರ್ಮೂತ್ ಅಂದ್ರೆ ಗಿಡಮೂಲಿಕೆ ಸೇರಿಸಿದ ವೈನ್. ಬಾಟ್ಲಿ ತೆರೆದ ಮೇಲೆ ಫ್ರಿಜ್ಜಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ನೆಗ್ರೋನಿ ಕೇಳೋರು ಕಮ್ಮಿ ಇರೋ ಊರಲ್ಲಿ ಆ ಬಾಟ್ಲಿ ಲೈಟಿನ ಬಿಸಿಗೆ ಹಿಂದಿನ ಶೆಲ್ಫಲ್ಲಿ ವರ್ಷಗಟ್ಟಲೆ ನಿಂತಿರುತ್ತೆ. ‘ವರ್ಮೂತ್ ಫ್ರಿಜ್ಜಲ್ಲಿದೆಯಾ?’ ಅಂತ ಕೇಳಿ. ಪ್ರಶ್ನೆ ಅರ್ಥ ಆಗದಿದ್ರೆ ಜಿನ್ ಟಾನಿಕ್ ಹೇಳಿ.

ನೈಂಟಿ ನಿಷ್ಠ:
ಜಿನ್ ಟಾನಿಕ್ ಅಂತ ಸೋಡಾಗೆ ನಿಂಬೆ ಹಿಂಡಿ ಕೊಟ್ರೆ ನಮ್ಮಂಥೋರಿಗೆ ಹೆಂಗ್ ಗೊತ್ತಾಗ್ಬೇಕು?

ಹುಳಿ ಸಿಹಿ ಕಹಿ:
ಟಾನಿಕ್ ವಾಟರ್‌ನಲ್ಲಿ ಕ್ವಿನೈನ್ ಇರುತ್ತೆ, ಕಹಿ ಮತ್ತು ಸಿಹಿ ಎರಡೂ ಬರಬೇಕು. ಸೋಡಾದಲ್ಲಿ ಎರಡೂ ಇಲ್ಲ. ಡಿಜೆ ಇರೋ ಬಾರಲ್ಲಿ ನೇರಳೆ ಬಣ್ಣದ ಯುವಿ ಲೈಟ್ ಹಾಕಿದ್ರೆ ಇನ್ನೂ ಸುಲಭ, ಆ ಬೆಳಕಿಗೆ ಹಿಡಿದ್ರೆ ಕ್ವಿನೈನ್ ನೀಲಿಯಾಗಿ ಹೊಳೆಯುತ್ತೆ, ಸೋಡಾ ಹೊಳೆಯಲ್ಲ. ಟಾನಿಕ್ಕನ್ನ ಪಕ್ಕಕ್ಕೆ ಬಾಟ್ಲಿಯಲ್ಲೇ ತರಿಸ್ಕೊಳ್ಳಿ, ಜಿನ್ 60ಕ್ಕೆ 120 ನೀವೇ ಸುರ್ಕೊಳ್ಳಿ. ಚಮಚ ಹಾಕಿ ಗಿರ್ರನೆ ತಿರುಗಿಸಬೇಡಿ, ಗ್ಯಾಸ್ ಹೋಗುತ್ತೆ. ತಳದಿಂದ ಒಂದು ಸಲ ಎತ್ತಿಬಿಟ್ರೆ ಸಾಕು.

ಒಂಟಿಕೊಪ್ಪಲ್ ಕಟ್ಟೆ:
ಅಳತೆ ವಿಷಯಕ್ಕೆ ಬರೋಣ, ದುಡ್ಡು ಹೋಗೋದು ಅಲ್ಲೇ. ಆರ್ಡರ್ ಕೊಡೋ ಮುಂಚೆ ‘ಇದರಲ್ಲಿ ಸ್ಪಿರಿಟ್ ಎಷ್ಟು ಎಂ.ಎಲ್.?’ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ. ಕೆಲವು ಕಡೆ 60, ಕೆಲವು ಕಡೆ 45, ಆಫರ್ ಹೊತ್ತಲ್ಲಿ 30. ಒಂದಕ್ಕೆ ಒಂದು ಫ್ರೀ ಅಂತ 30ರ ಎರಡು ಗ್ಲಾಸ್ ಕೊಟ್ರೆ ಫ್ರೀ ಬಂದಿದ್ದು ಐಸ್ ಮತ್ತು ಸಿರಪ್.

ಲಾಂಗ್ ಐಲ್ಯಾಂಡ್ ಐಸ್ಡ್ ಟೀ ಅನ್ನೋ ಕಾಕ್‌ಟೇಲ್‌ನಲ್ಲಿ ಇದು ಉಲ್ಟಾ. ವೋಡ್ಕಾ, ಜಿನ್, ಬಿಳಿ ರಮ್, ಟೆಕಿಲಾ, ಟ್ರಿಪಲ್ ಸೆಕ್ (ಕಿತ್ತಳೆ ಲಿಕ್ಯೂರ್) ತಲಾ 15 ಅಂದ್ರೆ 75 ಎಂ.ಎಲ್. ನಮ್ಮ ಸ್ಪಿರಿಟ್‌ಗಳು ಸಾಮಾನ್ಯವಾಗಿ ಶೇ 42.8. ಲೆಕ್ಕ ಹಾಕಿದ್ರೆ ಶುದ್ಧ ಆಲ್ಕೋಹಾಲ್ ಸುಮಾರು 30 ಎಂ.ಎಲ್. (ಟ್ರಿಪಲ್ ಸೆಕ್ ಸ್ವಲ್ಪ ಕಮ್ಮಿ ಖಡಕ್ಕು), ಹೆಚ್ಚುಕಮ್ಮಿ ಶೇ 5ರ 650 ಎಂ.ಎಲ್. ಬಿಯರ್ ಬಾಟ್ಲಿ ಪೂರ್ತಿ ಕುಡಿದಷ್ಟು. ಕೋಲಾ ರುಚಿ ಇರೋದ್ರಿಂದ ಹತ್ತು ನಿಮಿಷಕ್ಕೆ ಖಾಲಿಯಾಗುತ್ತೆ. 60ರ ಡೈಕಿರಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ದೇಹ ಕಳೆಯೋದು ಗಂಟೆಗೆ ಸುಮಾರು 7ರಿಂದ 10 ಗ್ರಾಂ. ನಿಂಬೆಹಣ್ಣು, ಕಾಫಿ, ಮಜ್ಜಿಗೆ ಯಾವುದೂ ಇದನ್ನ ಬೇಗ ಮಾಡಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಂನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿ.ಗ್ರಾಂ., ಒಂದು ಗ್ಲಾಸ್ ಮುಗಿಸಿ ಗಾಡಿ ಹತ್ತಿದ್ರೂ ದಾಟಿರಬಹುದು. 2019ರ ತಿದ್ದುಪಡಿ ಆದ ಮೇಲೆ ಮೊದಲ ತಪ್ಪಿಗೇ 10,000 ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಗಾಡಿ ಮನೇಲೇ ಬಿಟ್ಟು ಹೋಗಿ.

ಕುಕ್ಕರಹಳ್ಳಿ ಬಾತು:
ಈಗ ‘ಮೈಸೂರು ಸ್ಪೆಷಲ್’ ಅಂತ ಮೈಸೂರ್ ಪಾಕ್, ಮಲ್ಲಿಗೆ, ವೀಳ್ಯದೆಲೆ ಎಲ್ಲ ಹಾಕಿ ಮಾಡ್ತಾರಲ್ಲ, ಅದರಲ್ಲಿ ಹುರುಳಿದೆಯಾ?

ಜಿಗ್ಗರ್:
ವೀಳ್ಯದೆಲೆಯಲ್ಲಿ ಇದೆ, ಹಸಿರು ಪಾನ್ ಸಿರಪ್ಪಲ್ಲಿ ಇಲ್ಲ. 200 ಎಂ.ಎಲ್. ಜಿನ್‌ಗೆ ತೊಟ್ಟು, ನಡುನರ ತೆಗೆದ ಎರಡು ಎಲೆ ಹರಿದು ಹಾಕಿ ಎರಡು ಗಂಟೆಗೆ ತೆಗೆದ್ರೆ ಲವಂಗದ ಥರ ತೆಳು ಖಾರ ಬರುತ್ತೆ. ರಾತ್ರಿಯಿಡೀ ಬಿಟ್ರೆ ಒಗರು. ‘ಎಲೆ ಎಷ್ಟೊತ್ತು ನೆನೆಸಿದ್ರಿ?’ ಅಂದಾಗ ಉತ್ತರ ಬಂದ್ರೆ ಧೈರ್ಯವಾಗಿ ಹೇಳಿ.

ಮೈಸೂರ್ ಪಾಕ್ ಡ್ರಿಂಕ್ ಅಂದ್ರೆ ತುಂಡು ಕಡ್ಡಿಗೆ ಚುಚ್ಚಿ ಗ್ಲಾಸ್ ಅಂಚಿಗೆ ಇಡೋದಲ್ಲ. ತುಪ್ಪದ ಪರಿಮಳ ವಿಸ್ಕಿಗೆ ಹತ್ತಿಸಬೇಕು. 250 ಎಂ.ಎಲ್. ವಿಸ್ಕಿಗೆ ಕರಗಿದ ತುಪ್ಪ 30 ಗ್ರಾಂ, ಬಾಯಗಲದ ಜಾಡಿಯಲ್ಲಿ ನಾಲ್ಕು ಗಂಟೆ ಹೊರಗೆ, ಮಧ್ಯೆ ಮಧ್ಯೆ ಅಲ್ಲಾಡಿಸಿ, ಆಮೇಲೆ ರಾತ್ರಿ ಫ್ರೀಜರಲ್ಲಿ. ತುಪ್ಪ ಮೇಲೆ ಹೆಪ್ಪುಗಟ್ಟುತ್ತೆ, ತೂತು ಮಾಡಿ ವಿಸ್ಕಿ ಬಸಿದು, ಕೊರೆಯೋ ಹಾಗಿರುವಾಗಲೇ ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಬೇಕು. ಬೆಚ್ಚಗಾದ ಮೇಲೆ ಸೋಸಿದ್ರೆ ತುಪ್ಪ ಕರಗಿ ಜೊತೆಗೇ ಇಳಿಯುತ್ತೆ. ಗ್ಲಾಸ್ ಮೇಲೆ ಸಾರಿನ ಹಾಗೆ ಜಿಡ್ಡಿನ ಕಣ್ಣು ತೇಲಿದ್ರೆ ಅದೇ ಆಗಿರೋದು. ಇದಕ್ಕೆ ಸೀಮೆಯವರ ಬೆಲ್ಲದ ಪಾಕ 7 ಹಾಕಿ ಓಲ್ಡ್ ಫ್ಯಾಶನ್ಡ್ ಮಾಡಿದ್ರೆ ಸೊಗಸು.

ಮಲ್ಲಿಗೆ ಬೇಡ. ಮಾರ್ಕೆಟ್ ಹೂವು ತಿನ್ನೋಕೆ ಅಂತ ಬೆಳೆದದ್ದಲ್ಲ, ಔಷಧಿ ಹೊಡೆದಿರ್ತಾರೆ. ಡ್ರಿಂಕಲ್ಲಿ ತೇಲಿಸಿ ಕೊಟ್ರೆ ತೆಗೆಸಿ.

ಒಂಟಿಕೊಪ್ಪಲ್ ಕಟ್ಟೆ:
ಹೊಗೆ ಬಗ್ಗೆನೂ ಒಂದು ಮಾತು. ಗಾಜಿನ ಮುಚ್ಚಳದೊಳಗೆ ಕಟ್ಟಿಗೆ ಹೊಗೆ ತುಂಬಿ ತರೋದು ಅಪಾಯವಿಲ್ಲ, ಸಾಧಾರಣ ವಿಸ್ಕಿಗೆ ವೇಷ ಅಷ್ಟೆ. ಆದ್ರೆ ಗ್ಲಾಸೊಳಗಿಂದ ಬಿಳಿ ಹೊಗೆ ಚೆಲ್ಲುತ್ತಾ ಬಂದ್ರೆ ಅದು ದ್ರವ ಸಾರಜನಕವೋ ಡ್ರೈ ಐಸೋ ಆಗಿರುತ್ತೆ. ಪೂರ್ತಿ ಆವಿಯಾಗೋ ತನಕ ತುಟಿಗೆ ಇಡಬಾರದು. ಹೊಟ್ಟೆಗೆ ಹೋದ್ರೆ ಅನಿಲವಾಗಿ ನೂರಾರು ಪಟ್ಟು ಹಿಗ್ಗುತ್ತೆ, ಜಠರ ತೂತಾಗಬಹುದು. 2024ರಲ್ಲಿ ನಮ್ಮಲ್ಲಿ ದ್ರವ ಸಾರಜನಕ ಹಾಕಿ ಕೊಡೋ ಸ್ಮೋಕ್ ಬಿಸ್ಕತ್ತಿಗೆ ಕಡಿವಾಣ ಬಿದ್ದಿದ್ದು ಇದಕ್ಕೇ.

ಕುಕ್ಕರಹಳ್ಳಿ ಬಾತು:
ಕೊನೇದು. ಡ್ರಿಂಕ್ ನಿಜವಾಗ್ಲೂ ಕೆಟ್ಟಿದ್ರೆ ಜಗಳ ಆಗದ ಹಾಗೆ ವಾಪಸ್ ಕಳಿಸೋದು ಹೇಗೆ?

ಜಿಗ್ಗರ್:
ಎರಡನೇ ಗುಟುಕಿಗೇ ಹೇಳಿ. ಅರ್ಧ ಖಾಲಿ ಮಾಡಿ ಕಳಿಸಿದ್ರೆ ಯಾರೂ ಬದಲಿಸಲ್ಲ. ಸಪ್ಲೈಯರ್ ಹತ್ರ ಹೇಳಿದ್ರೆ ಮಾತು ಒಳಗೆ ಹೋಗೋಷ್ಟರಲ್ಲಿ ‘ಕಂಪ್ಲೇಂಟ್’ ಆಗಿರುತ್ತೆ, ಕೌಂಟರ್‌ಗೇ ಹೋಗಿ. ‘ಚೆನ್ನಾಗಿಲ್ಲ’ ಅನ್ನಬೇಡಿ, ‘ಸ್ವಲ್ಪ ಸಿಹಿ ಮುಂದಾಗಿದೆ, ನಿಂಬೆ 5 ಎಂ.ಎಲ್. ಹಾಕಿ ಇನ್ನೊಂದು ಸಲ ಕುಲುಕಿ ಕೊಡ್ತೀರಾ’ ಅನ್ನಿ. ಸಿಹಿ ಜಾಸ್ತಿ, ಹುಳಿ ಜಾಸ್ತಿ, ತಂಪು ಸಾಲದು, ಈ ಮೂರನ್ನ ಅದೇ ಗ್ಲಾಸಲ್ಲಿ ಸರಿ ಮಾಡಬಹುದು. ನೀರಾಗಿರೋದು, ಕಹಿ ಆಗಿರೋದು ರಿಪೇರಿ ಆಗಲ್ಲ, ಹೊಸದೇ ಬೇಕು. ಅದಕ್ಕೆ ಒಪ್ಪದಿದ್ರೆ ಬಿಲ್ಲು ಕೊಟ್ಟು ಎದ್ದು ಬನ್ನಿ.

ನೈಂಟಿ ನಿಷ್ಠ:
ಎದ್ದು ಬರೋವಾಗ ಕಡ್ಲೆಬೀಜ ಪಾರ್ಸಲ್ ಮಾಡಿಸ್ಕೊಳ್ಳಿ, ಅದಕ್ಕೂ ಸೇರಿಸೇ ಬಿಲ್ ಹಾಕಿರ್ತಾರೆ.